ನಾರಿನ ಇನ್ನೊಂದು ತುದಿ

ತ್ಯಾಗರಾಜನಗರ
21 ನವೆಂಬರ್ 2024

ಸೌಮ್ಯಾ,

ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕುವ ಮೊದಲು ಒಂದು ಸಲ ಓದಿಬಿಡು. ಫೋನ್ ಮಾಡಿ ನೋಡಿದೆ. ನಿನ್ನ ಹಳೆಯ ನಂಬರು ಈಗ ಯಾವುದೋ ಟೈರ್ ಅಂಗಡಿಯವನ ಹತ್ತಿರ ಇದೆ. ನಾಲ್ಕನೇ ಸಲಕ್ಕೆ ಅವನು, "ಮೇಡಂ, ಸೌಮ್ಯ ಸಿಕ್ರೆ ನಾನೇ ಫೋನ್ ಮಾಡಿಸ್ತೀನಿ, ಈಗ ಪಂಚರ್ ಹಾಕ್ಬೇಕು ಬಿಡಿ" ಎಂದ. ಇಲ್ಲಿಂದ ಕತ್ರಿಗುಪ್ಪೆಗೆ ಆಟೋದಲ್ಲಿ ಹದಿನೈದು ನಿಮಿಷ. ಆದರೆ ಬಂದು ನಿಮ್ಮ ಬಾಗಿಲು ತಟ್ಟಲು ನನಗೆ ಮುಖವಿಲ್ಲ. ಅದಕ್ಕೇ ಅಂಚೆ.

ಅಮ್ಮ ಹೋದಳು. ಈ ತಿಂಗಳು ಆರನೇ ತಾರೀಖು, ಬುಧವಾರ ಬೆಳಿಗ್ಗೆ. ಕಾಫಿ ಕೇಳಿದಳು, ತರುವಷ್ಟರಲ್ಲಿ ಇರಲಿಲ್ಲ. ನೀನು "ಬಸವಲಿಂಗಮ್ಮನೋರೆ" ಎಂದು ಕೂಗಿಕೊಂಡು ಸೀದಾ ಅಡುಗೆಮನೆಗೆ ನುಗ್ಗುತ್ತಿದ್ದೆಯಲ್ಲ, ಕೊನೆಯ ವರ್ಷದಲ್ಲಿ ಅದನ್ನೇ ನೆನೆಸಿಕೊಳ್ಳುತ್ತಿದ್ದಳು.

ನಮ್ಮವರಲ್ಲಿ ಬಿದಿರಿನ ಮಂಟಪದಂಥ ವಿಮಾನದಲ್ಲಿ ಕೂರಿಸಿ ಹೂವಿನ ಅಲಂಕಾರ ಮಾಡಿ ಮಣ್ಣು ಕೊಡುವುದು ನಿನಗೆ ಗೊತ್ತೇ ಇದೆ. ಈ ಸಲ ಅಲಂಕಾರಕ್ಕೆ ನಾನು ಕೈಹಾಕಲಿಲ್ಲ. ಸೋಮವಾರ ಸೋಮವಾರ ಮನೆಗೆ ಬಿಲ್ವಪತ್ರೆ ತಂದುಕೊಡುವ ಹೂಗಾರ ಗುರುಸಿದ್ದಪ್ಪನವರೇ ಎಲ್ಲ ಮಾಡಿದರು. ಅಪ್ಪನ ಪಕ್ಕದಲ್ಲೇ ಜಾಗ ಸಿಕ್ಕಿತು. ಗುಂಡಿ ತೋಡುವಾಗ ಅಪ್ಪನ ಕಡೆಯ ಮಣ್ಣು ಒಂದಿಷ್ಟು ಕುಸಿಯಿತು. ಅದರ ಜೊತೆಗೆ ಹಸಿರು ತುಂಡುಗಳು ಉದುರಿದವು.

ನಮ್ಮ ಫೋಮ್, ಸೌಮ್ಯಾ. ಅಪ್ಪನ ವಿಮಾನಕ್ಕೆ ಲಿಲ್ಲಿ ಹೂವು ಚುಚ್ಚಲು ನಾನು ಹಾಕಿದ್ದ ಫೋಮ್. ಏಳು ವರ್ಷದಲ್ಲಿ ಲಿಲ್ಲಿಯ ಗುರುತೂ ಉಳಿದಿಲ್ಲ, ಅದನ್ನು ಚುಚ್ಚಿದ ತೂತು ಮಾತ್ರ ಹಾಗೇ ಇದೆ. ಗುರುಸಿದ್ದಪ್ಪ ಒಂದು ತುಂಡು ಎತ್ತಿ ಹಿಂಡಿದರು, ನೀರು ಬಂತು. "ಇದೇನ್ ತಾಯಿ, ಇನ್ನೂ ಹಸಿಯಾಗೈತಲ್ಲ" ಎಂದರು. ಅಲ್ಲಿದ್ದ ಯಾರಿಗೂ ಅದೇನೆಂದು ತಿಳಿಯಲಿಲ್ಲ. ನನಗೆ ತಿಳಿಯಿತು. ಅಮ್ಮನಿಗಾಗಿ ಅಳಬೇಕಾದವಳು ಅದನ್ನು ನೋಡಿಕೊಂಡು ನಿಂತೆ.

ಅವತ್ತು ನೀನು ಹೇಳಿದ್ದೆ: "ಮಣ್ಣಿಗೆ ಹೋಗೋ ಹೂವಿಗೆ ಫೋಮ್ ಯಾಕೆ ಶ್ರೀ? ಸೀಸನ್ ಸೇವಂತಿಗೆ ಇದೆ, ಬಾಳೆದಿಂಡಿದೆ, ಸಾಕು." ನಾನು ನೆಂಟರೆಲ್ಲರ ಎದುರಿಗೆ ಏನಂದೆ ಎಂದು ನಿನಗೆ ಮರೆತಿರುವುದಿಲ್ಲ. "ಇದು ನಿಮ್ಮ ಏರಿಯಾದ ಅಣ್ಣಮ್ಮನ ಪೆಂಡಾಲ್ ಅಲ್ಲ, ನಿನ್ನ ಸೇವಂತಿಗೆ ಪುಟ್ಟಿ ಎತ್ಕೊಂಡು ಹೊರಡು." ನೀನು ಹೊರಟೆ. ಮತ್ತೆ ನಮ್ಮಿಬ್ಬರ ಅಂಗಡಿಗೂ ಬರಲಿಲ್ಲ.

ತಪ್ಪಾಯಿತು. ಇಷ್ಟು ಬರೆಯುವುದಕ್ಕೆ ಏಳು ವರ್ಷ ಬೇಕಾಯಿತು, ಅದಕ್ಕೂ ತಪ್ಪಾಯಿತು.

ಜಯನಗರದ ಅಂಗಡಿ ನಡೆಯುತ್ತಿದೆ. 'ಶ್ರೀಸೌಮ್ಯ ಫ್ಲೋರಲ್ಸ್' ಬೋರ್ಡನ್ನೂ ಬದಲಾಯಿಸಿಲ್ಲ. ಬರೀ 'ಶ್ರೀ' ಅಂತ ಉಳಿಸಿದರೆ ಜನ ಚೀಟಿ ಕಂಪನಿ ಅಂದುಕೊಳ್ಳುತ್ತಾರೆ. ಆದರೆ ಫೋಮ್ ಬಿಟ್ಟೆ. ಅಮ್ಮನ ಹನ್ನೊಂದನೇ ದಿನ ಮುಗಿದ ಮೇಲೆ ಇದ್ದ ಡಬ್ಬಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. ಎಸೆದರೆ ಅದೂ ಯಾವುದೋ ಮಣ್ಣಿಗೇ ಹೋಗುತ್ತದೆ. ಈಗ ಒಬ್ಬಳೇ ಕೂತು ಹಾರ ಕಟ್ಟುತ್ತೇನೆ. ತುದಿ ಹಿಡಿಯುವವರಿಲ್ಲ, ಬಾಳೆನಾರನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಳ್ಳಬೇಕು. ಬೆರಳು ಬಾತುಕೊಂಡಿದೆ.

ಡಿಸೆಂಬರ್ 28ಕ್ಕೆ ಅಪ್ಪ ಹೋಗಿ ಏಳು ವರ್ಷ. ಆ ದಿನ ಇಬ್ಬರ ಸಮಾಧಿಗೂ ಈ ಚಳಿಯಲ್ಲಿ ಅರಳುವ ಹೂವು, ಈ ಚಳಿಯಲ್ಲಿ ಸಿಗುವ ಸೊಪ್ಪು, ಅಷ್ಟರಲ್ಲೇ ಅಲಂಕಾರ ಮಾಡಬೇಕೆಂದಿದ್ದೇನೆ. ತಂತಿ ಬೇಡ, ಪಿನ್ನು ಬೇಡ. ನನಗೆ ಬರುವುದೆಲ್ಲ ಡಬ್ಬ ಬಿಚ್ಚಿ ಚುಚ್ಚುವ ವಿದ್ಯೆ. ನೀನು ತೋಟದವರ ಮಗಳು. ನೀನು ಬರಬೇಕು. ಬೆಳಿಗ್ಗೆ ಏಳಕ್ಕೆ ರುದ್ರಭೂಮಿಯಲ್ಲಿರುತ್ತೇನೆ.

ಬರುತ್ತೀಯಾ?

ನಿನ್ನ
ಶ್ರೀದೇವಿ


ಕತ್ರಿಗುಪ್ಪೆ
2 ಡಿಸೆಂಬರ್ 2024

ಶ್ರೀದೇವಿ,

ನಿಮ್ಮಮ್ಮನ ವಿಷಯ ಓದಿದೆ. ನಮ್ಮಮ್ಮನಿಗೆ ಓದಿ ಹೇಳಿದೆ. ಮುನಿವೆಂಕಟಮ್ಮನ ಕಣ್ಣು ಈಗ ಅಷ್ಟಾಗಿ ಕಾಣಿಸುವುದಿಲ್ಲ, ಬಾಯಿ ಮಾತ್ರ ಹಾಗೇ ಇದೆ. "ಆವಮ್ಮ ಮನೆಗೆ ಹೋದೋರ್ನ ಬರೀ ಹೊಟ್ಟೇಲಿ ಕಳಿಸ್ತಿರ್ಲಿಲ್ಲ ಕಣೇ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನಾನು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿದ್ದೇನೆ. ಹೊಲಿದು ಬಂದ ಅಂಗಿಗಳಲ್ಲಿ ಮಿಕ್ಕಿರುವ ದಾರ ಕತ್ತರಿಸುವುದು ನನ್ನ ಕೆಲಸ. ಹೂವು ಮುಟ್ಟಿ ತುಂಬಾ ದಿನವಾಯಿತು.

ಫೋಮ್ ಬದಲಿಗೆ ಬಾಳೆದಿಂಡು ಹಾಕು. ಗೊನೆ ಕಡಿದ ಮರದ್ದು, ತೊಡೆಗಾತ್ರ ಇರಲಿ. ಒಂದೊಂದು ಮೊಳಕ್ಕೆ ಕತ್ತರಿಸು. ಹೂವಿನ ತೊಟ್ಟನ್ನು ನೇರ ಚುಚ್ಚಬೇಡ, ಮುರಿಯುತ್ತದೆ. ಮೊದಲು ಪೊರಕೆ ಕಡ್ಡಿಯಲ್ಲಿ ತೂತು ಮಾಡಿ, ತೊಟ್ಟನ್ನು ಓರೆಯಾಗಿ ಕೊಯ್ದು ಇಳಿಸು. ದಿಂಡಿನಲ್ಲೇ ನೀರಿರುತ್ತದೆ. ಈ ಚಳಿಗೆ ಮೂರು ದಿನ ಬಾಡುವುದಿಲ್ಲ.

ಫೋಮ್ ಸಿಕ್ಕಿದ ವಿಷಯ ಮತ್ತೆ ಬರೆಯಬೇಡ. ಓದುವುದಕ್ಕೆ ಆಗುವುದಿಲ್ಲ.

ಸೌಮ್ಯ


ತ್ಯಾಗರಾಜನಗರ
7 ಡಿಸೆಂಬರ್ 2024

ಸೌಮ್ಯಾ,

ನಿನ್ನ ಪತ್ರ ಬಂದ ದಿನ ಅದನ್ನು ಅಮ್ಮನ ಫೋಟೋ ಮುಂದೆ ಇಟ್ಟು, ಆಮೇಲೆ ಓದಿದೆ. ನಗಬೇಡ. ಮನೆಯಲ್ಲಿ ಹೇಳಿಕೊಳ್ಳುವುದಕ್ಕೆ ಇನ್ಯಾರೂ ಇಲ್ಲ. ಈಗೀಗ ಕುಕ್ಕರ್ ಮೂರು ಸಲ ಕೂಗಿದರೆ "ಬಂದೆ ಬಂದೆ" ಎಂದು ಅದಕ್ಕೇ ಉತ್ತರ ಕೊಡುತ್ತೇನೆ.

ಬಾಳೆದಿಂಡಿನ ಕಥೆ ಕೇಳು. ಜೆ.ಪಿ. ನಗರದ ಸುನಿತಾ ಮೇಡಂ ಮನೆಯಲ್ಲಿ ಮೊಮ್ಮಗಳ ನಾಮಕರಣ. "ವಿಂಟರ್ ಥೀಮ್ ಬೇಕು. ಪೈನ್ ಇರ್ಲಿ, ಸ್ವಲ್ಪ ಸ್ನೋ ತರ ಕಾಣ್ಲಿ" ಎಂದರು. ನಾನು, "ಮೇಡಂ, ನಮ್ಮ ವಿಂಟರ್‌ನಲ್ಲಿ ಸ್ನೋ ಎಲ್ಲಿ ಬೀಳತ್ತೆ? ಅವರೆಕಾಯಿ ಬೀಳತ್ತೆ" ಎಂದೆ. ಹೇಗೋ ಒಪ್ಪಿಸಿದೆ. ತೊಟ್ಟಿಲಿಗೆ ಕಾಕಡ ಮತ್ತು ಸ್ಫಟಿಕದ ಹೂವಿನ ಮಾಲೆ, ಹಿಂದೆ ರಾಗಿ ತೆನೆ, ಅದರ ನಡುವೆ ಹಳದಿ ಹುಚ್ಚೆಳ್ಳು ಹೂ, ಅವರೆ ಬಳ್ಳಿ, ಕೆಳಗೆ ಬಾಳೆದಿಂಡಿನಲ್ಲಿ ಸೇವಂತಿಗೆ, ಮರುಗ. ನನ್ನ ಕಣ್ಣಿಗೇ ಚೆನ್ನಾಗಿತ್ತು. ಮಧ್ಯಾಹ್ನದ ಹೊತ್ತಿಗೆ ದಿಂಡು ಸೋರತೊಡಗಿತು. ಹಾಸಿದ್ದ ಬಿಳಿ ಮೇಜುಬಟ್ಟೆಯ ತುಂಬ ಕಂದು ಕಲೆ. ಬಾಳೆ ಕಲೆ ಹೋಗುವುದು ಬಟ್ಟೆ ಹರಿದ ಮೇಲೆಯೇ ಎನ್ನುತ್ತಾರಲ್ಲ. ಮೇಡಂ ಮುಖವೂ ಅದೇ ಬಣ್ಣಕ್ಕೆ ತಿರುಗಿತು.

ನನ್ನನ್ನು ಉಳಿಸಿದ್ದು ಅವರ ಅತ್ತೆ. ವೀಲ್‌ಚೇರಿನಲ್ಲಿ ಕೂತೇ ಮುಂದೆ ಬಂದು, ಹುಚ್ಚೆಳ್ಳು ಹೂವನ್ನು ಬೆರಳಲ್ಲಿ ಮುಟ್ಟಿ, "ಇದನ್ನ ನೋಡಿ ಎಷ್ಟು ವರ್ಷ ಆಗಿತ್ತಮ್ಮ" ಎಂದರು. ಮತ್ತೆ ಯಾರೂ ಕಲೆಯ ಮಾತೆತ್ತಲಿಲ್ಲ. ಇಳಿಸಿ ಹೊರಗಿಟ್ಟಿದ್ದನ್ನು ಬೀದಿ ಹಸುವೊಂದು ನಿಂತು ತಿಂದು ಮುಗಿಸಿತು. ನನ್ನ ಡೆಕೊರೇಷನ್ನನ್ನು ಇಷ್ಟು ಮನಸ್ಸಿಟ್ಟು ಯಾರೂ ಮೆಚ್ಚಿಕೊಂಡಿರಲಿಲ್ಲ.

ಬಿಚ್ಚುವಾಗ ಮಾತ್ರ ನಿನ್ನ ನೆನಪಾಯಿತು. ಕಟ್ಟುವುದು ನನ್ನದು, ಬಿಚ್ಚುವುದು ನಿನ್ನದು ಎಂದು ಅಂಗಡಿ ಶುರು ಮಾಡಿದ ದಿನವೇ ಹಂಚಿಕೊಂಡಿದ್ದೆವಲ್ಲ.

28ಕ್ಕೆ ಬರುವುದರ ಬಗ್ಗೆ ನೀನು ಏನೂ ಬರೆಯಲಿಲ್ಲ.

ಕಾಯುತ್ತಿರುವ
ಶ್ರೀ


ಕತ್ರಿಗುಪ್ಪೆ
14 ಡಿಸೆಂಬರ್ 2024

ಶ್ರೀದೇವಿ,

ದಿಂಡನ್ನು ಕಡಿದ ಕೂಡಲೇ ಹಾಕಿದರೆ ಸೋರದೆ ಇನ್ನೇನು ಮಾಡುತ್ತದೆ? ಹಿಂದಿನ ದಿನವೇ ಕಡಿದು, ಗೋಡೆಗೆ ಒರಗಿಸಿ ನಿಲ್ಲಿಸಿ, ಸೊನೆ ಇಳಿಯಲು ಬಿಡಬೇಕು. ಕೆಳಗೆ ಬಾಳೆಲೆ ಹಾಸಬೇಕು, ಬಟ್ಟೆಯಲ್ಲ.

ಸಮಾಧಿಗೆ ಇಷ್ಟು ಸಾಕು: ಬಿಡಿ ಸೇವಂತಿಗೆ, ಹಳದಿ ಮತ್ತು ಬಿಳಿ. ಕಾಕಡ ಇರಲಿ. ಮಲ್ಲಿಗೆ ಹುಡುಕಬೇಡ, ಅದರ ಕಾಲ ಅಲ್ಲ. ಮರುಗ, ಪಚ್ಚೆ, ಬಿಲ್ವ. ಸ್ಫಟಿಕವನ್ನು ಹಿಂದಿನ ಸಂಜೆ ಮೊಗ್ಗಿನಲ್ಲೇ ಕಟ್ಟಿ ಒದ್ದೆ ಬಟ್ಟೆಯಲ್ಲಿ ಸುತ್ತಿಡು, ಬೆಳಿಗ್ಗೆ ತಾನೇ ಅರಳುತ್ತದೆ. ಈಗ ಕತ್ರಿಗುಪ್ಪೆಯಲ್ಲಿ ಅದಿರುವುದು ನಮ್ಮ ಕಾಂಪೌಂಡ್ ಪಕ್ಕದ ಒಂದು ಗಿಡದಲ್ಲಿ. ನಮ್ಮಪ್ಪನ ತೋಟದಲ್ಲಿ ಬೇಲಿ ತುಂಬ ಇತ್ತು. ಅಲ್ಲೀಗ ನಾಲ್ಕು ಮಹಡಿ, ಕೆಳಗೆ ಜಿಮ್. ಗಂಗಾಧರಯ್ಯನ ಹೂವಿನ ತೋಟ ಎಂದರೆ ಆಟೋದವರಿಗೂ ಗೊತ್ತಾಗುವುದಿಲ್ಲ.

28 ಶನಿವಾರ. ನನಗೆ ಶಿಫ್ಟ್ ಇದೆ.

ಸೌಮ್ಯ


ತ್ಯಾಗರಾಜನಗರ
18 ಡಿಸೆಂಬರ್ 2024

ಸೌಮ್ಯ,

ಶಿಫ್ಟ್ ಇದೆಯಂತೆ. ಹೌದಮ್ಮ, ನಿನ್ನ ಅಂಗಿಗಳ ದಾರ ನಮ್ಮಪ್ಪನಿಗಿಂತ ದೊಡ್ಡದು.

ಏಳು ವರ್ಷ ಆದ ಮೇಲೆ ತಪ್ಪಾಯಿತು ಅಂದೆ. ಅಂದಿದ್ದು ಸಾಲದೆಂದು ಎರಡು ಸಲ ಕರೆದೆ. ಇನ್ನೇನು ಮಾಡಬೇಕು? ಕತ್ರಿಗುಪ್ಪೆ ಸರ್ಕಲ್ಲಿನಿಂದ ನಿಮ್ಮ ಮನೆಯವರೆಗೆ ಉರುಳುಸೇವೆ ಮಾಡಲೇ? ಬಾಳೆದಿಂಡನ್ನು ಹೇಗೆ ನಿಲ್ಲಿಸಬೇಕೆಂದು ನೀನು ಕಲಿಸಬೇಕಾಗಿರಲಿಲ್ಲ, ಅದನ್ನು ಗುರುಸಿದ್ದಪ್ಪನೇ ಹೇಳುತ್ತಿದ್ದರು. ಅಪ್ಪ ನಿನ್ನನ್ನು "ನನ್ನ ಎರಡನೇ ಮಗಳು" ಎಂದು ಎಲ್ಲರಿಗೂ ಪರಿಚಯ ಮಾಡಿಕೊಡುತ್ತಿದ್ದರು. ಚನ್ನಬಸವಯ್ಯನವರ ಎರಡನೇ ಮಗಳಿಗೆ ಶಿಫ್ಟ್ ಇದೆ. ಸರಿ. ಬರಬೇಡ.

ಶ್ರೀದೇವಿ


ತ್ಯಾಗರಾಜನಗರ
20 ಡಿಸೆಂಬರ್ 2024

ಸೌಮ್ಯಾ,

ಹಿಂದಿನ ಪತ್ರ ಸಿಕ್ಕಿದ್ದರೆ ಒಲೆಗೆ ಹಾಕು. ಅಂಚೆ ಡಬ್ಬಿಗೆ ಹಾಕಿದ ಮರುಗಳಿಗೆ ಕೈ ತೂರಿಸಿ ನೋಡಿದೆ, ಬೆರಳು ಸಿಕ್ಕಿಹಾಕಿಕೊಂಡಿತು, ಪತ್ರ ಸಿಗಲಿಲ್ಲ. ಪಕ್ಕದ ಬೇಕರಿಯವನು, "ಆಂಟಿ, ಅದು ಎಟಿಎಂ ಅಲ್ಲ" ಎಂದ.

ನನಗೆ ಒಂಟಿಯಾಗಿರುವುದು ಬರುವುದಿಲ್ಲ. ಅಭ್ಯಾಸವೂ ಆಗುತ್ತಿಲ್ಲ. ಅದು ಬಾಯಿಂದ ಹೀಗೆ ಕೆಟ್ಟದಾಗಿ ಹೊರಗೆ ಬರುತ್ತದೆ. ಅವತ್ತೂ ಹಾಗೇ ಬಂತು.

ಏಳು ಗಂಟೆಗೆ ಅಲ್ಲಿರುತ್ತೇನೆ.

ಶ್ರೀ


ಕತ್ರಿಗುಪ್ಪೆ
29 ಡಿಸೆಂಬರ್ 2024

ಶ್ರೀ,

ನಿನ್ನೆ ನಾನು ಶಿಫ್ಟಿಗೆ ಹೋಗಲಿಲ್ಲ. ರಜೆ ಹಾಕಿದ್ದೆ. ಬಂದಿದ್ದೆ.

ಗೇಟಿನ ಪಕ್ಕದ ಹೊಂಗೆಮರದ ಹಿಂದೆ ನಿಂತಿದ್ದೆ. ನೀನು ಎರಡು ಸಮಾಧಿಗಳ ನಡುವೆ ನೆಲದ ಮೇಲೆ ಕೂತು, ಕಾಲ್ಬೆರಳಿಗೆ ನಾರು ಸುತ್ತಿಕೊಂಡು ಕಾಕಡ ಕಟ್ಟುತ್ತಿದ್ದೆ. ಸ್ವೆಟರ್ ಉಲ್ಟಾ ಹಾಕಿಕೊಂಡಿದ್ದೆ. ಆಗಾಗ ಗೇಟಿನ ಕಡೆ ನೋಡುತ್ತಿದ್ದೆ. ಬಂದು ತುದಿ ಹಿಡಿಯಬೇಕೆಂದು ಎರಡು ಸಲ ಹೆಜ್ಜೆ ಇಟ್ಟೆ, ಆಗಲಿಲ್ಲ. ನಮ್ಮಮ್ಮ ಕಟ್ಟಿಕೊಟ್ಟ ಸ್ಫಟಿಕದ ಹಾರ ಚೀಲದಲ್ಲಿತ್ತು. ಅದನ್ನು ಗೇಟಿನ ಹತ್ತಿರ ಯಾರದೋ ಹೆಸರಿಲ್ಲದ ಸಮಾಧಿಗೆ ಹಾಕಿ ಬಸ್ ಹತ್ತಿದೆ.

ನನಗೆ ನಿನ್ನ ಮೇಲೆ ಕೋಪ ಅಂದುಕೊಂಡಿದ್ದೀಯ. ಕೋಪ ಒಂದು ವಾರದಲ್ಲೇ ಇಳಿದಿತ್ತು. ನಿನ್ನ ಬಾಯಿ ನನಗೆ ಹೊಸದೇ?

ಬಿಚ್ಚುವುದು ನನ್ನದು ಅಂತ ನೀನೇ ಬರೆದೆಯಲ್ಲ. ಮಣ್ಣು ಮಾಡುವಲ್ಲಿಗೆ ಹೋಗುವ ಯಾವ ಅಲಂಕಾರದಲ್ಲೂ, ಹೊರಡುವ ಮೊದಲು ಫೋಮ್, ತಂತಿ, ಪಿನ್ನು ಎಲ್ಲ ಕಿತ್ತು, ಬರೀ ಹೂವನ್ನು ಮಾತ್ರ ಬಿಡುವುದು ನಮ್ಮ ಅಂಗಡಿಯ ಕಟ್ಟುನಿಟ್ಟು. ಅದನ್ನು ಮಾಡುತ್ತಿದ್ದವಳು ನಾನು. ಅವತ್ತೂ ಮಾಡಬೇಕಾಗಿದ್ದವಳು ನಾನೇ. ನೀನು ಹೊರಡು ಅಂದೆ. ಆಟೋದಲ್ಲಿ ಕೂತಾಗ ನೆನಪಾಯಿತು. ಮರೆತು ಹೋದೆ ಅಂದುಕೊಳ್ಳಬೇಡ, ನೆನಪಿತ್ತು. 'ಅವಳೇ ಬಿಚ್ಚಿಕೊಳ್ಳಲಿ' ಅಂದುಕೊಂಡೆ. ಆಟೋದವನಿಗೆ ತಿರುಗಿಸು ಅನ್ನಲಿಲ್ಲ.

ಅವತ್ತು ನೀನು ಮಗಳು, ಅಂಗಡಿಯವಳಲ್ಲ. ಅಪ್ಪನ ಕಾಲು ಹಿಡಿದು ಕೂತಿದ್ದವಳು ಕಟ್ಟರ್ ಹಿಡಿದು ಎದ್ದು ಬರುತ್ತಾಳೆಯೇ? ಅದೂ ಗೊತ್ತಿತ್ತು. ಗೊತ್ತಿದ್ದೇ ಹೋದೆ. ನನ್ನನ್ನು ಎರಡನೇ ಮಗಳು ಅಂದವರ ಜೊತೆ ಅದನ್ನು ಮಣ್ಣಿಗೆ ಕಳಿಸಿದೆ. ಆಮೇಲೆ ಹೂವು ಮುಟ್ಟಿದರೆ ಅದೇ ನೆನಪು. ಅದಕ್ಕೇ ಅಂಗಿಗಳ ದಾರ ಕತ್ತರಿಸಲು ಸೇರಿಕೊಂಡೆ. ಅಲ್ಲಿ ಒಂದು ದಾರ ಉಳಿದರೂ ಸೂಪರ್‌ವೈಸರ್ ಬೈಯುತ್ತಾಳೆ. ಬೈಸಿಕೊಂಡರೆ ಒಂದು ರೀತಿ ಸಮಾಧಾನ.

ನೀನು ನನಗೆ ತಪ್ಪಾಯಿತು ಅಂದ ಸಾಲುಗಳನ್ನು ಬೆರಳಲ್ಲಿ ಮುಚ್ಚಿಕೊಂಡು ಓದುತ್ತಿದ್ದೆ. ಈಗ ಹೇಳಿದ್ದೇನೆ. ಇನ್ನು ನೀನು ಬೈಯಬಹುದು, ಬರೆಯದೆ ಇರಲೂಬಹುದು.

ಸೌಮ್ಯ


ತ್ಯಾಗರಾಜನಗರ
9 ಜನವರಿ 2025

ಸೌಮ್ಯಾ,

ನೀನು ಬಂದಿದ್ದು ನನಗೆ ಅವತ್ತೇ ಗೊತ್ತಾಯಿತು. ಹೊರಗೆ ಬರುವಾಗ ಆ ಹೆಸರಿಲ್ಲದ ಸಮಾಧಿಯ ಮೇಲೆ ಸ್ಫಟಿಕದ ಹಾರ ಕಂಡೆ. ಹತ್ತು ಹೂವಿಗೊಂದು ಪಚ್ಚೆ ಎಲೆ ಇಟ್ಟು ಕಟ್ಟುವವರು ಈ ಊರಿನಲ್ಲಿ ಮುನಿವೆಂಕಟಮ್ಮ ಒಬ್ಬರೇ. ಓಡಿ ಹೋಗಿ ಬಸ್‌ಸ್ಟಾಪಿನಲ್ಲಿ ನೋಡಿದೆ. ನೀನಿರಲಿಲ್ಲ. ಅಲ್ಲೇ ಕೂತು ಮೂರು ಬಸ್ ಬಿಟ್ಟೆ.

ನಿನ್ನ ಪತ್ರ ಸಿಕ್ಕಿ ಆರು ದಿನವಾಯಿತು. ಉತ್ತರ ಬರೆಯುವುದಕ್ಕೆ ಧೈರ್ಯ ಬರಲಿಲ್ಲ, ಯಾಕೆಂದರೆ ನಾನೂ ಒಂದು ಹೇಳಬೇಕು. ನೀನು ಹೇಳದೆ ಇದ್ದಿದ್ದರೆ ನಾನು ಯಾವತ್ತೂ ಹೇಳುತ್ತಿರಲಿಲ್ಲ. ನಾನು ಅಂಥವಳು.

ಅಪ್ಪನ ವಿಮಾನ ಎತ್ತಿದಾಗ ನಾನು ನೋಡಿದೆ. ಅಳುತ್ತಿದ್ದೆ ನಿಜ, ಕಣ್ಣು ಕುರುಡಾಗಿರಲಿಲ್ಲ. ಅಪ್ಪನ ಭುಜದ ಹಿಂದೆ, ಲಿಲ್ಲಿಗಳ ಸಂದಿಯಲ್ಲಿ ಹಸಿರು ಕಾಣುತ್ತಿತ್ತು. ಒಂದು ಮಾತು ಹೇಳಿದ್ದರೆ ನಾಲ್ಕು ಜನ ಇಳಿಸಿ ಕಿತ್ತುಹಾಕುತ್ತಿದ್ದರು. ಹೇಳಲಿಲ್ಲ. ಹೇಳಿದ್ದರೆ "ಇದನ್ನ ಬಿಚ್ಚೋ ಹುಡುಗಿ ಎಲ್ಲಿ?" ಎಂದು ಯಾರಾದರೂ ಕೇಳುತ್ತಿದ್ದರು. ಎಲ್ಲರಿಗೂ ಗೊತ್ತಿದ್ದರೂ ನನ್ನ ಬಾಯಿಂದಲೇ "ನಾನೇ ಓಡಿಸಿದೆ" ಅನ್ನಬೇಕಾಗುತ್ತಿತ್ತು. ಆ ಒಂದು ಮಾತಿನ ಮರ್ಯಾದೆ ಉಳಿಸಿಕೊಳ್ಳಲು ಅಪ್ಪನನ್ನು ಹಾಗೇ ಇಳಿಸಲು ಬಿಟ್ಟೆ.

ಮನೆಗೆ ಬಂದ ಮೇಲೆ ತಪ್ಪನ್ನೆಲ್ಲ ನಿನ್ನ ತಲೆಗೆ ಕಟ್ಟಿದೆ. ಬಿಚ್ಚಬೇಕಾದವಳು ಬಿಟ್ಟುಹೋದಳು ಎಂದು. ಅದರಿಂದ ಏಳು ವರ್ಷ ಚೆನ್ನಾಗಿ ನಿದ್ದೆ ಮಾಡಿದೆ. ಅಮ್ಮನ ಗುಂಡಿಯಲ್ಲಿ ಅದು ಹೊರಗೆ ಬಂದಾಗಲೂ ನನಗೆ ಮೊದಲು ಹೊಳೆದದ್ದು ನಿನ್ನ ಹೆಸರು. ನಾನು ಬರೆದ ಮೊದಲ ಪತ್ರ ಬರೀ ಕ್ಷಮಾಪಣೆ ಅಲ್ಲ ಸೌಮ್ಯಾ, ಬಲೆ. ನಾನು ಸಣ್ಣ ತಪ್ಪನ್ನು ಒಪ್ಪಿಕೊಂಡರೆ ನೀನು ದೊಡ್ಡದನ್ನು ಒಪ್ಪಿಕೊಳ್ಳುತ್ತೀಯ ಎಂದು ಕಾದೆ. 'ಬಿಚ್ಚುವುದು ನಿನ್ನದು' ಎಂದು ಬರೆದದ್ದೂ ಬೇಕೆಂದೇ. ನೀನು ಒಪ್ಪಿಕೊಂಡೆ. ಓದಿದಾಗ ಗೆದ್ದ ಹಾಗೆ ಅನ್ನಿಸಲಿಲ್ಲ. ಮನೆಯಲ್ಲಿ ಇನ್ನೂ ಒಬ್ಬಳೇ ಇದ್ದೇನೆ ಅನ್ನಿಸಿತು.

ನಿನ್ನೆ ಕಟ್ಟರ್ ತೆಗೆದುಕೊಂಡು ಸಮಾಧಿಗೆ ಹೋಗಿದ್ದೆ, ಹಾಕಿದ್ದನ್ನು ನಾನೇ ಬಿಚ್ಚಿ ಬರೋಣವೆಂದು. ಮೇಕೆಗಳು ಸೊಪ್ಪು ತಿಂದಿದ್ದವು. ಸೇವಂತಿಗೆ ಒಣಗಿ ಪುಡಿಯಾಗಿತ್ತು. ಬಾಳೆದಿಂಡು ಕಪ್ಪಗೆ ಕುಗ್ಗಿ ಮಣ್ಣಿಗೆ ಅಂಟಿಕೊಂಡಿತ್ತು, ಇರುವೆ ಮುತ್ತಿಕೊಂಡಿದ್ದವು. ನಾರು ಯಾವುದು, ಹುಲ್ಲಿನ ಬೇರು ಯಾವುದು ಎಂದೇ ತಿಳಿಯಲಿಲ್ಲ. ಬಿಚ್ಚುವುದಕ್ಕೆ ಏನೂ ಇರಲಿಲ್ಲ. ಕಟ್ಟರನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಬಂದೆ.

ಅಪ್ಪನ ಹತ್ತಿರ ಇನ್ನೂ ಒಂದಿಷ್ಟು ಉಳಿದಿರುತ್ತದೆ. ಅದನ್ನು ನಾನೂ ತೆಗೆಯಲಾರೆ, ನೀನೂ ತೆಗೆಯಲಾರೆ. ಅದು ನಮ್ಮಿಬ್ಬರದು.

ಬಾ ಎಂದು ಈ ಸಲ ಬರೆಯುವುದಿಲ್ಲ. ಆ ಹಕ್ಕು ಕಳೆದುಕೊಂಡಿದ್ದೇನೆ. ನಾನು ಭಾನುವಾರ ಬೆಳಿಗ್ಗೆ ಅಂಗಡಿ ತೆಗೆಯುತ್ತೇನೆ. ಎಲ್ಲ ಭಾನುವಾರವೂ ತೆಗೆಯುತ್ತೇನೆ. ಇದನ್ನು ಸುಮ್ಮನೆ ತಿಳಿಸಿದ್ದು.

ಶ್ರೀದೇವಿ


ಕತ್ರಿಗುಪ್ಪೆ
13 ಜನವರಿ 2025

ಶ್ರೀ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲನೇ ಸಲ ಹರಿದುಹಾಕಬೇಕು ಅನ್ನಿಸಿತು. ಅಮ್ಮ ಏನಾಯಿತೆಂದು ಕೇಳಿದಳು, ಹೇಳಿದೆ. "ಇಬ್ರೂ ಒಂದೇ ಗುಂಡೀಲಿ ಬಿದ್ದಿದ್ದೀರ, ಒಬ್ಬರ ಮೇಲೊಬ್ಬರು ಮಣ್ಣು ಹಾಕ್ಕೊಂಡು ಏನ್ ಮಾಡ್ತೀರ" ಎಂದಳು.

ನಾಳೆ ಸಂಕ್ರಾಂತಿ, ಎಳ್ಳು ಬೀರುವವರ ಗಲಾಟೆ. ಈ ಭಾನುವಾರ ರಜೆ. ಹತ್ತು ಗಂಟೆಗೆ ಬರುತ್ತೇನೆ. ಅಂಗಡಿಗೆ ವಾಪಸ್ ಸೇರುತ್ತೇನೆ ಅಂದುಕೊಳ್ಳಬೇಡ. ಅದು ಗೊತ್ತಿಲ್ಲ. ಇನ್ನೂ ನಿನ್ನ ಮುಖ ನೋಡಿ ಏನು ಮಾತಾಡಬೇಕೆಂದೂ ಗೊತ್ತಿಲ್ಲ.

ಬಾಳೆನಾರನ್ನು ಹಿಂದಿನ ದಿನವೇ ನೆನೆಹಾಕಿಡು. ಕಾಲ್ಬೆರಳಿಗೆ ಸುತ್ತಿಕೊಳ್ಳಬೇಡ. ಇನ್ನೊಂದು ತುದಿ ನಾನು ಹಿಡಿಯುತ್ತೇನೆ.

ಸೌಮ್ಯ